ಫೋನಿಗೆ ಕಾಣುವ ಊರು, ಕಾಣದ ಊರು

ಶೇಂಗಾ ದರ ಎಷ್ಟಾಗಿದೆ ಎಂದು ತಿಳಿಯಲು ರೈತನೊಬ್ಬ ಚಳ್ಳಕೆರೆಯ ಮಂಡಿಗೆ ಫೋನ್ ಮಾಡುತ್ತಾನೆ. ಎರಡು ನಿಮಿಷದ ಮಾತು. ಮೊಬೈಲ್ ಕಂಪನಿ ಬಿಲ್ಲಿಗಾಗಿ ಇಡುವ ಲೆಕ್ಕದಲ್ಲಿ ಆ ಮಾತಿನ ಒಂದಕ್ಷರವೂ ಇರುವುದಿಲ್ಲ. ಇರುವುದು ಇಷ್ಟೇ: ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಯಾವ ಟವರಿನ ಮೂಲಕ. ಈ ಒಣ ಲೆಕ್ಕದಿಂದಲೇ ಮನುಷ್ಯರ ಒಡನಾಟವನ್ನು ಓದಬಹುದು ಎಂಬುದು ಈ ಶತಮಾನದ ಆರಂಭದಲ್ಲಿ ವಿಜ್ಞಾನಿಗಳಿಗೆ ಹೊಳೆಯಿತು.

ಅಮೆರಿಕದ ಎಂಐಟಿ ಸಂಸ್ಥೆಯ ನೇಥನ್ ಈಗಲ್ ಮತ್ತು ಅಲೆಕ್ಸ್ ಪೆಂಟ್‌ಲಂಡ್ 2004ರಲ್ಲಿ ಸುಮಾರು ನೂರು ಮಂದಿಯ ಕೈಗೆ, ವಿಷಯ ತಿಳಿಸಿ ಒಪ್ಪಿಗೆ ಪಡೆದು, ಫೋನ್ ಕೊಟ್ಟರು. ಯಾರ ಫೋನಿನ ಹತ್ತಿರ ಯಾರ ಫೋನ್ ಇದೆ ಎಂಬುದನ್ನೂ ಅವು ಬರೆದಿಟ್ಟುಕೊಳ್ಳುತ್ತಿದ್ದವು. ಹಗಲು ಹೊತ್ತು ಒಂದೇ ಕಟ್ಟಡದಲ್ಲಿ ಜೊತೆಗಿರುವವರು ಸಹೋದ್ಯೋಗಿಗಳಿರಬಹುದು; ಶನಿವಾರ ರಾತ್ರಿಯೂ ಜೊತೆಗಿದ್ದರೆ ಗೆಳೆಯರೇ ಸರಿ. ಇಂಥ ಸುಳಿವುಗಳಿಂದ ಶೇ 95ರಷ್ಟು ಗೆಳೆತನಗಳನ್ನು ಯಾರನ್ನೂ ಕೇಳದೆಯೇ ಗುರುತಿಸಬಹುದು ಎಂದು 2009ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳಿತು.

ಅದಕ್ಕೆ ಒಂದು ವರ್ಷ ಮೊದಲು ಬೆಲ್ಜಿಯಂ ದೇಶದ ಸುಮಾರು 20 ಲಕ್ಷ ಫೋನ್ ಗ್ರಾಹಕರ ಕರೆಗಳನ್ನು ಗಣಿತಜ್ಞರು ಗುಂಪುಗಳಾಗಿ ವಿಂಗಡಿಸಿ ನೋಡಿದ್ದರು. ದೇಶ ನಡುವೆ ಸೀಳಿದಂತೆ ಎರಡು ಭಾಗವಾಗಿ ಕಾಣಿಸಿತು: ಫ್ರೆಂಚ್ ಆಡುವವರು ಒಂದು ಕಡೆ, ಡಚ್ ಆಡುವವರು ಇನ್ನೊಂದು ಕಡೆ. ಇಂಥ ಲೆಕ್ಕವನ್ನು ಮೊಳಕಾಲ್ಮುರಿನಲ್ಲಿ ಹಾಕಿದರೆ ಹೇಗೆ? ಆಂಧ್ರದ ರಾಯದುರ್ಗ ಅಲ್ಲಿಂದ ಕೂಗಳತೆ ಎನ್ನುವಷ್ಟು ಹತ್ತಿರ. ಕನ್ನಡ, ತೆಲುಗು ಎರಡೂ ಒಂದೇ ಒಲೆಯ ಮೇಲೆ ಬೇಯುವ ಮನೆಗಳು ಎಷ್ಟೋ. ಹೆಣ್ಣು ಕೊಟ್ಟು ತಂದುಕೊಂಡ ನೆಂಟಸ್ತಿಕೆಯೂ ಗಡಿ ದಾಟಿದೆ. ಬೆಲ್ಜಿಯಂನಂಥ ಸೀಳು ಇಲ್ಲಿ ಕಂಡೀತೆಂಬುದು ಅನುಮಾನವೇ.

ಇದೆಲ್ಲ ಬರೀ ಕುತೂಹಲದ ಸಂಗತಿಯಲ್ಲ. ನಾಯಕನಹಟ್ಟಿಯ ತೇರಿನ ದಿನ ಅಲ್ಲಿನ ಟವರಿಗೆ ಒಮ್ಮೆಲೇ ಹೊಸ ನಂಬರುಗಳು ಬಂದು ಸೇರುತ್ತವೆ, ಮರುದಿನ ನಾನಾ ಊರುಗಳಿಗೆ ಚದುರುತ್ತವೆ. ಜನ ಹೋದಲ್ಲಿಗೆ ರೋಗವೂ ಹೋಗುತ್ತದಲ್ಲ! ಕೀನ್ಯಾದಲ್ಲಿ ಸುಮಾರು ಒಂದೂವರೆ ಕೋಟಿ ಫೋನುಗಳ ಓಡಾಟವನ್ನು ಮಲೇರಿಯಾ ನಕ್ಷೆಯ ಜೊತೆ ಇಟ್ಟು ನೋಡಿ, ವಿಕ್ಟೋರಿಯಾ ಸರೋವರದ ಸೀಮೆಯಿಂದ ನೈರೋಬಿಯತ್ತ ಸೋಂಕು ಸಾಗುವ ದಾರಿಯನ್ನು 2012ರಲ್ಲಿ ಗುರುತಿಸಿದರು.

ಆದರೆ ಫೋನಿನ ಕಣ್ಣಿಗೂ ಪೊರೆ ಇದೆ. ದಿನವೂ ನಲ್ಲಿಯ ಹತ್ತಿರ ಕೊಡ ಇಟ್ಟು ಮಾತಾಡುವ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಫೋನ್ ಮಾಡುವುದೇಕೆ? ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಮಗ್ಗದ ಕೆಲಸಕ್ಕೆ ಮನೆಮಂದಿಯೆಲ್ಲ ಕೈಹಾಕುತ್ತಾರೆ, ಫೋನ್ ಮಾತ್ರ ಯಜಮಾನನ ಜೇಬಿನಲ್ಲಿರುತ್ತದೆ. ಕಂಪನಿಯ ಲೆಕ್ಕದಲ್ಲಿ ಆ ಇಡೀ ಸಂಸಾರ ಒಬ್ಬನೇ ಮನುಷ್ಯ. ಅತಿ ಹತ್ತಿರದ ನಂಟುಗಳೇ ಲೆಕ್ಕದಿಂದ ಜಾರಿಹೋಗುತ್ತವೆ.

ಈ ಕಾರಣಕ್ಕೆ ಕರ್ನಾಟಕದಲ್ಲಿ ನಡೆದ ಇನ್ನೊಂದು ಬಗೆಯ ಅಧ್ಯಯನ ಗಮನಾರ್ಹ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ (ಇಬ್ಬರೂ 2019ರ ನೊಬೆಲ್ ಹಂಚಿಕೊಂಡವರು), ಅರುಣ್ ಚಂದ್ರಶೇಖರ್ ಮತ್ತು ಮ್ಯಾಥ್ಯೂ ಜಾಕ್ಸನ್ ದಕ್ಷಿಣ ಕರ್ನಾಟಕದ 75 ಹಳ್ಳಿಗಳನ್ನು ಆರಿಸಿಕೊಂಡರು. ಸೀಮೆಎಣ್ಣೆ, ಅಕ್ಕಿ ಸಾಲದಿದ್ದರೆ ಯಾರ ಮನೆಗೆ ಹೋಗುತ್ತೀರಿ? ಕೈಸಾಲ ಯಾರು ಕೊಡುತ್ತಾರೆ? ಗುಡಿಗೆ ಯಾರ ಜೊತೆ ಹೋಗುತ್ತೀರಿ? ಹೀಗೆ ಹನ್ನೆರಡು ಬಗೆಯ ನಂಟುಗಳನ್ನು ಜನರ ಬಾಯಿಂದಲೇ ಕೇಳಿ ಬರೆದುಕೊಂಡರು. ಆಮೇಲೆ ಭಾರತ ಸ್ವಮುಕ್ತಿ ಸಂಸ್ಥೆ ಅವುಗಳಲ್ಲಿ ಕೆಲವು ಹಳ್ಳಿಗಳಿಗೆ ಮಹಿಳೆಯರ ಕಿರುಸಾಲ ತಂದಿತು. ಸುದ್ದಿಯನ್ನು ಮೊದಲು ತಿಳಿಸಿದ್ದು ಅಂಗಡಿಯವರು, ಶಿಕ್ಷಕರು, ಸ್ವಸಹಾಯ ಸಂಘದ ಮುಖಂಡರಿಗೆ. ಸುದ್ದಿ ಹಿಡಿದವನಿಗೆ ಎಷ್ಟು ಮಂದಿ ಪರಿಚಯ ಎಂಬುದು ದೊಡ್ಡದಾಗಲಿಲ್ಲ. ಆ ಪರಿಚಿತರಿಗೆ ಮತ್ತೆಷ್ಟು ಬಳಕೆ ಇದೆ ಎಂಬುದೇ ದೊಡ್ಡದಾಯಿತು ಎಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದರು.

ಮನೆಮನೆ ಸುತ್ತುವುದು ದುಬಾರಿ ಕೆಲಸ. ಅದರ ಬದಲು ಊರವರನ್ನೇ ನೇರವಾಗಿ ಕೇಳಿದರೆ? ‘ಊರಿಗೆಲ್ಲ ಒಂದು ವಿಷಯ ಮುಟ್ಟಿಸಬೇಕು, ಯಾರಿಗೆ ಹೇಳೋಣ?’ ಕರ್ನಾಟಕದ 213 ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ಇಲ್ಲಿ ಮೊಬೈಲ್ ಬಂದದ್ದು ಬೇರೆಯೇ ಕೆಲಸಕ್ಕೆ: ಈ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಫೋನ್ ಅಥವಾ ನಗದು ಬಹುಮಾನ ಗೆಲ್ಲುವ ಅವಕಾಶ ಎಂದು ಪ್ರತಿ ಊರಿನ ಮೂರೋ ಐದೋ ಮನೆಗೆ ಮಾತ್ರ ಹೇಳಿ, ಎಷ್ಟು ಕರೆ ಬರುತ್ತವೆಂದು ಎಣಿಸುತ್ತ ಕುಳಿತರು. ಕೆಲವೆಡೆ ಯಾರಿಗೋ ಹೇಳಿದ್ದರು, ಕೆಲವೆಡೆ ಊರ ಹಿರಿಯರಿಗೆ, ಕೆಲವೆಡೆ ಊರವರು ತೋರಿಸಿದ ‘ಸುದ್ದಿಗಾರ’ರಿಗೆ. ಹೆಚ್ಚು ಕರೆ ಬಂದದ್ದು ಸುದ್ದಿಗಾರರ ಊರುಗಳಿಂದ. ಹಿರಿಯರಿಗೆ ಇದು ರುಚಿಸಲಿಕ್ಕಿಲ್ಲ! ಹರಿಯಾಣದ ಹಳ್ಳಿಗಳಲ್ಲಿ ಮಕ್ಕಳ ಲಸಿಕೆ ಶಿಬಿರದ ಸುದ್ದಿಯನ್ನು ಇಂಥವರ ಮೂಲಕ ಬಿಟ್ಟಾಗ ತಿಂಗಳಿಗೆ ಲಸಿಕೆ ಪಡೆದ ಮಕ್ಕಳ ಸಂಖ್ಯೆ ಶೇ 22ರಷ್ಟು ಹೆಚ್ಚಿತು. ಅದನ್ನು ತಿಳಿಯಲು ಯಾರ ಫೋನ್ ಲೆಕ್ಕವನ್ನೂ ಬಗೆಯಬೇಕಾಗಲಿಲ್ಲ.

ಬಗೆದರೆ ಆಗುವುದೇನು? ಹೆಸರು, ನಂಬರು ಅಳಿಸಿದ ಲೆಕ್ಕ ಸುರಕ್ಷಿತ ಎಂಬ ನಂಬಿಕೆಯಿತ್ತು. 15 ಲಕ್ಷ ಜನರ ಹದಿನೈದು ತಿಂಗಳ ಓಡಾಟವನ್ನು ಪರಿಶೀಲಿಸಿದ ಈವ್-ಅಲೆಕ್ಸಾಂಡ್ರ ದ ಮೊಂಜುವಾ ಮತ್ತು ಸಂಗಡಿಗರು 2013ರಲ್ಲಿ ಅದನ್ನು ಮುರಿದರು: ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬ ನಾಲ್ಕು ಸಂಗತಿ ಗೊತ್ತಿದ್ದರೆ ನೂರರಲ್ಲಿ 95 ಮಂದಿಯನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು. ಬೆಳಿಗ್ಗೆ ಹಳ್ಳಿಯಿಂದ ಚಳ್ಳಕೆರೆಯ ಕಾಲೇಜಿಗೆ ಬಸ್ಸು ಹತ್ತಿ ಸಂಜೆ ಮರಳುವ ಹುಡುಗಿಯೊಬ್ಬಳನ್ನು ಗುರುತಿಸಲು ನಾಲ್ಕೂ ಬೇಕಾಗಲಿಕ್ಕಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂಬ ನಿಯಮವಿದೆ. ಪಾಲಕರು ಇದನ್ನು ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಆದರೂ ಒಂದು ತೊಡಕು ಉಳಿದೇ ಇದೆ. ಹೊಸ ಆ್ಯಪ್ ಹಾಕಿಕೊಳ್ಳುವಾಗ ಫೋನಿನಲ್ಲಿರುವ ನಂಬರುಗಳ ಪಟ್ಟಿ ಕೇಳುತ್ತದೆ. ‘ಒಪ್ಪಿಗೆ’ ಎಂದು ಒತ್ತುವವರು ಒಬ್ಬರೇ. ಆ ಪಟ್ಟಿಯಲ್ಲಿರುವ ಅಜ್ಜಿ, ಶಾಲೆಯ ಮೇಷ್ಟ್ರು, ರಾಯದುರ್ಗದ ಸೋದರಮಾವ, ಚಳ್ಳಕೆರೆ ಮಂಡಿಯ ಸಾಹುಕಾರ, ಇವರನ್ನೆಲ್ಲ ಯಾರೂ ಕೇಳಿರುವುದಿಲ್ಲ.