ದೀಪಕ್ಕೆ ಹಣವುಂಟು, ತಂತಿಗಿಲ್ಲ

ಯಕ್ಷಗಾನದ ರಂಗಸ್ಥಳವನ್ನು ದೀವಟಿಗೆಯೂ ಅನಂತರ ಪೆಟ್ರೋಮ್ಯಾಕ್ಸೂ ಬೆಳಗುತ್ತಿದ್ದ ಕಾಲದಲ್ಲಿ, ಬೆಳಕಿನ ಯೋಗಕ್ಷೇಮವು ಎಣ್ಣೆ ಹೊಯ್ಯುವವನ, ಗಾಳಿ ಹಾಕುವವನ ಕೈಯಲ್ಲಿದ್ದಿತು. ದೀಪ ಮಂಕಾದರೆ ಕಾರಣವು ಚಾಪೆಯ ಮೇಲೆ ಕುಳಿತ ಬಾಲಕನಿಗೂ ಗೋಚರವಾಗುತ್ತಿದ್ದಿತು. ಇಂದಿನ ರಂಗದೀಪಕ್ಕಾದರೋ ಎರಡು ತಂತಿಗಳು: ಒಂದು ವಿದ್ಯುತ್ತನ್ನು ತರುವುದು, ಇನ್ನೊಂದು ಆಜ್ಞೆಯನ್ನು ತರುವುದು. ಈ ಎರಡನೆಯದರಲ್ಲಿ ನಮ್ಮ ರಂಗಮಂದಿರಗಳು ತೋರುವ ಔದಾಸೀನ್ಯವು ಉಪೇಕ್ಷಣೀಯವಲ್ಲ.

ಕೆಲವು ವರ್ಷಗಳ ಹಿಂದೆ ಜಿಲ್ಲಾಕೇಂದ್ರವೊಂದರಲ್ಲಿ ನಮ್ಮ ತಂಡವು ಹರಿಶ್ಚಂದ್ರನ ಕಥೆಯನ್ನಾಡುತ್ತಿದ್ದಾಗ, ಚಂದ್ರಮತಿಯು ಮಗನ ಶವವನ್ನು ನೆಲಕ್ಕಿಳಿಸುವ ಆ ನಿಶ್ಶಬ್ದ ಕ್ಷಣದಲ್ಲಿ, ಮಂದವಾದ ನೀಲಿಯಲ್ಲಿ ನಿಲ್ಲಬೇಕಾಗಿದ್ದ ದೀಪಗಳು ಮದುವೆಮನೆಯ ಸೀರಿಯಲ್ ಸೆಟ್ಟಿನಂತೆ ಮಿನುಗತೊಡಗಿದುವು, ಸಭಿಕರು ನಕ್ಕರು. ಆಟ ಮುಗಿದ ಮೇಲೆ ಏಣಿ ಹತ್ತಿ ನೋಡಲಾಗಿ, ದೀಪಗಳೆಲ್ಲ ಹೊಸವು, ಬೆಲೆಬಾಳುವುವು. ಅವನ್ನು ಪೋಣಿಸಿದ್ದುದು ಮಾತ್ರ ಹಳೆಯ ಮೈಕಿನ ಕೇಬಲ್ಲು. ಅದನ್ನೂ ನಡುವೆ ಕವಲೊಡೆಸಿ, ಕೊನೆಯ ದೀಪದ ತುದಿಯನ್ನು ಬರಿದೇ ಬಿಟ್ಟಿದ್ದರು.

ಆಜ್ಞೆಯನ್ನು ತರುವ ತಂತಿಗೂ ನಿಯಮಗಳುಂಟು. ಅಮೆರಿಕೆಯ ರಂಗತಂತ್ರಜ್ಞರ ಸಂಸ್ಥೆಯು 1986ರಲ್ಲಿ ರೂಪಿಸಿದ ಡಿಎಂಎಕ್ಸ್ 512 ಎಂಬ ಪದ್ಧತಿಯಲ್ಲಿ, ಒಂದೇ ಸಾಲು 512 ಚಾನೆಲ್ಲುಗಳ ಆದೇಶವನ್ನು, ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್ಟುಗಳ ವೇಗದಲ್ಲಿ, ದೀಪಗಳನ್ನು ನಿಯಂತ್ರಿಸುವ ಬೋರ್ಡಿನಿಂದ ಮೊದಲ ದೀಪಕ್ಕೂ ಅಲ್ಲಿಂದ ಎರಡನೆಯದಕ್ಕೂ ಸರಪಣಿಯಾಗಿ ಒಯ್ಯುತ್ತದೆ. ಸಾಲೊಂದಕ್ಕೆ 32 ಉಪಕರಣಗಳು ಮಿತಿ. ಕವಲು ಬೇಕಾದಲ್ಲಿ ಸ್ಪ್ಲಿಟರ್ ಇರಬೇಕು. ಸಾಲಿನ ಕೊನೆಯಲ್ಲಿ ಎರಡನೆಯ ಮತ್ತು ಮೂರನೆಯ ಪಿನ್ನುಗಳ ನಡುವೆ 120 ಓಮಿನ ರೆಸಿಸ್ಟರನ್ನು ಬೆಸೆಯಬೇಕು. ಇಲ್ಲವಾದರೆ ಸಂಕೇತವು ತುದಿಯನ್ನು ಮುಟ್ಟಿ ಪ್ರತಿಧ್ವನಿಯಂತೆ ಹಿಂದಿರುಗಿ, ಹಿಂದೆ ಬರುವ ಆದೇಶವನ್ನು ಕಲಕುತ್ತದೆ. ಹಾಗೆ ಕಲಕಿದ ಆಜ್ಞೆಯನ್ನು ತಪ್ಪೆಂದು ತಿಳಿಯುವ, 'ಏನೆಂದಿರಿ?' ಎಂದು ಮರಳಿ ಕೇಳುವ ಏರ್ಪಾಡು ಈ ಪದ್ಧತಿಯಲ್ಲಿಲ್ಲ. ದೀಪವು ಕೇಳಿಸಿದ್ದನ್ನು ಕೇಳಿಸಿದಂತೆಯೇ ನಡೆಸುವ ಮುಗ್ಧ ಸೇವಕ.

ಇದಕ್ಕೆ ತಕ್ಕ ಕೇಬಲ್ಲೇ ಏಕೆ, 'ಮೈಕಿನ ಕೇಬಲ್ಲಿನಲ್ಲಿಯೂ ನಡೆಯುತ್ತದಲ್ಲ' ಎನ್ನುವವರುಂಟು. ನಾಲ್ಕು ದೀಪಗಳಿಗೆ, ಹತ್ತು ಮೀಟರಿನ ದೂರಕ್ಕೆ ಬಹುಶಃ ನಡೆದೀತು. ಆ ನಡೆಯುವಿಕೆಯೇ ನಮ್ಮನ್ನು ವಂಚಿಸುವುದು. ಉದ್ಘಾಟನೆಯ ದಿನ ಬೆಳಗಿದ್ದು ಇಪ್ಪತ್ತು ದೀಪಗಳಾದ ನಾಟಕದ ದಿನ ಕೈಕೊಡುತ್ತದೆ. ಅಪವಾದವು ಬೋರ್ಡಿನ ಹಿಂದೆ ಕುಳಿತ ಹುಡುಗನ ಮೇಲೆ ಬರುತ್ತದೆ.

ಆದುದರಿಂದ ರಂಗಮಂದಿರಗಳಿಗೆ ದೀಪಗಳನ್ನು ಕೊಳ್ಳುವ ಅಧಿಕಾರಿಗಳು, ಟೆಂಡರಿನ ಪಟ್ಟಿಯಲ್ಲಿ ದೀಪದ ಕೆಳಗೆಯೇ ಅದಕ್ಕೆ ತಕ್ಕ ಕೇಬಲ್ಲನ್ನೂ ಸ್ಪ್ಲಿಟರನ್ನೂ ನಮೂದಿಸಲಿ. ಯಾವ ದೀಪದ ವಿಳಾಸ ಯಾವ ಚಾನೆಲ್ಲಿನಿಂದ ಆರಂಭವೆಂಬುದನ್ನು ಬರೆದು ಗೋಡೆಗಂಟಿಸಲಿ. ಇವನ್ನು ಬಲ್ಲ ಒಬ್ಬನನ್ನು ಖಾಯಮ್ಮಾಗಿ ನೇಮಿಸಲಿ. ಆ ರಾತ್ರಿಯ ನಂತರ ನಾನು ರೆಸಿಸ್ಟರು ಬೆಸೆದ ಪ್ಲಗ್ಗೊಂದನ್ನು ಚೀಲದಲ್ಲಿಟ್ಟುಕೊಂಡೇ ಊರೂರು ತಿರುಗುತ್ತೇನೆ. ಆ ರೆಸಿಸ್ಟರಿನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ. ಅದು ಅಂದು ಇದ್ದಿದ್ದರೆ ಚಂದ್ರಮತಿಯ ದುಃಖಕ್ಕೆ ಯಾರೂ ನಗುತ್ತಿರಲಿಲ್ಲವೇನೋ.