ಪೇಟೆಂಟಿನ ಲೆಕ್ಕವೂ ನರಸೀಪುರದ ಹಿಪ್ಪುನೇರಳೆಯೂ

ಒಂದು ದೇಶದ ಜನರ ನಿರ್ಮಾಣಶಕ್ತಿಯನ್ನು ಅಳೆಯುವ ಕೋಲು ಯಾವುದು? ಈಚೆಗೆ ವೃತ್ತಪತ್ರಿಕೆಗಳು ಇದಕ್ಕೆ ಒಂದೇ ಉತ್ತರವನ್ನು ಕೊಡುತ್ತಿವೆ: ಪೇಟೆಂಟುಗಳ ಸಂಖ್ಯೆ. ಜಿನೀವಾ ನಗರದಲ್ಲಿರುವ ವಿಶ್ವ ಬೌದ್ಧಿಕ ಸ್ವತ್ತಿನ ಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಾದ್ಯಂತ ಸಲ್ಲಿಕೆಯಾದ ಪೇಟೆಂಟ್ ಅರ್ಜಿಗಳು ಸುಮಾರು 35 ಲಕ್ಷ. ಅವುಗಳಲ್ಲಿ ಚೀನದವರದು 16 ಲಕ್ಷಕ್ಕೂ ಮೇಲೆ. ಅಮೆರಿಕದವರದು 5 ಲಕ್ಷಕ್ಕೆ ಮಿಕ್ಕಿ. ನಮ್ಮವರದು ಸುಮಾರು 64 ಸಾವಿರ. ಈ ಅಂಕಿಗಳನ್ನು ಓದಿ ಕೆಲವರು ಹಿಗ್ಗುತ್ತಾರೆ, ಕೆಲವರು ಕುಗ್ಗುತ್ತಾರೆ. ಹಿಗ್ಗುವ ಮೊದಲು, ಕುಗ್ಗುವ ಮೊದಲು, ಈ ಕೋಲಿನಲ್ಲಿ ಎಷ್ಟು ಗೇಣು ಇದೆಯೆಂಬುದನ್ನು ನೋಡಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಕೋಲು ತೀರ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಪೇಟೆಂಟೆಂಬುದು ಒಂದು ಒಪ್ಪಂದ. ಹೊಸದನ್ನು ಕಂಡುಹಿಡಿದವನು ತನ್ನ ವಿಧಾನವನ್ನು ಮರೆಮಾಚದೆ ಬರೆದುಕೊಡಬೇಕು. ಪ್ರತಿಯಾಗಿ ಸರ್ಕಾರವು ಅವನಿಗೆ 20 ವರ್ಷಗಳವರೆಗೆ ಅದರ ಏಕಸ್ವಾಮ್ಯವನ್ನು ಕೊಡುತ್ತದೆ. ಅರ್ಜಿಯು ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಪ್ರಕಟವಾಗುತ್ತದೆ. ಅದರಲ್ಲಿ ತಾರೀಖಿದೆ, ಸಂಶೋಧಕನ ಹೆಸರಿದೆ, ಊರಿದೆ, ಎಲ್ಲ ದೇಶಗಳಿಗೂ ಸಮಾನವಾದ ವಿಷಯ ವರ್ಗೀಕರಣವೂ ಇದೆ. ಮನುಷ್ಯನ ಕಲ್ಪನಾಶಕ್ತಿಯ ವಿಷಯದಲ್ಲಿ ಇಷ್ಟು ಅಚ್ಚುಕಟ್ಟಾದ ದಫ್ತರ ಬೇರೊಂದಿಲ್ಲ. ವಿದ್ಯುತ್ಕೋಶಗಳ ಕೆಲಸ ಯಾವ ದೇಶದಲ್ಲಿ ಯಾವ ವರ್ಷ ಚುರುಕಾಯಿತೆಂಬುದನ್ನು ಇದರಿಂದ ತಿಳಿಯಬಹುದು.

ಆದರೆ ಪ್ರತಿಯೊಂದು ಪಟ್ಟಿಯೂ ಏನನ್ನು ಎಣಿಸಿದೆ ಎಂಬುದನ್ನು ಕೇಳಬೇಕು. ಅದೇ 2023ರಲ್ಲಿ ಭಾರತದ ಪೇಟೆಂಟ್ ಕಚೇರಿಗೆ ಬಂದ ಅರ್ಜಿಗಳು ಸುಮಾರು 90 ಸಾವಿರ. ಹಾಗಾದರೆ ಮೇಲೆ ಹೇಳಿದ 64 ಸಾವಿರ ಎಲ್ಲಿಯದು? ಇಲ್ಲಿ ಬಂದ ಅರ್ಜಿಗಳಲ್ಲಿ ನೂರಕ್ಕೆ 55ರಷ್ಟು ಮಾತ್ರ ದೇಶೀಯರವು, ಉಳಿದವು ಹೊರಗಿನವರವು. 64 ಸಾವಿರವಾದರೋ ಭಾರತೀಯರು ಇಲ್ಲಿಯೂ ಹೊರದೇಶಗಳಲ್ಲಿಯೂ ಸಲ್ಲಿಸಿದವುಗಳ ಮೊತ್ತ. ಒಂದೇ ಸಾಧನಕ್ಕೆ ಐದು ದೇಶಗಳಲ್ಲಿ ರಕ್ಷಣೆ ಬೇಡಿದರೆ ಅರ್ಜಿಗಳು ಐದಾಗುತ್ತವೆ, ಸಾಧನ ಮಾತ್ರ ಒಂದೇ. ಆದುದರಿಂದಲೇ ತಜ್ಞರು ಇಂಥವನ್ನೆಲ್ಲ ಒಂದು 'ಪೇಟೆಂಟ್ ಕುಟುಂಬ'ವೆಂದು ಕಟ್ಟಿ ಎಣಿಸುತ್ತಾರೆ.

ಇನ್ನು ವಿಳಾಸದ ತೊಡಕು. ಮೈಸೂರಿನ ದಕ್ಷಿಣಕ್ಕಿರುವ ನಂಜನಗೂಡಿನ ಕೈಗಾರಿಕಾ ಪ್ರದೇಶವನ್ನು ನೋಡಿರಿ. ಅಲ್ಲಿ ನೆಸ್ಲೆಯ ಕಾಫಿ ಕಾರ್ಖಾನೆಯಿದೆ. ಅದರ ಪ್ರಧಾನ ಕಚೇರಿ ಸ್ವಿಟ್ಜರ್ಲೆಂಡಿನ ವೆವೇ. ಎಲೆಕ್ಟ್ರಾನಿಕ್ ಯಂತ್ರಗಳಿಗೆ ಮುದ್ರಿತ ಸರ್ಕ್ಯೂಟ್ ಹಲಗೆಗಳನ್ನು ಮಾಡುವ ಎ.ಟಿ. ಅಂಡ್ ಎಸ್. ಕಾರ್ಖಾನೆಯಿದೆ, ಅದರ ಮೂಲ ಆಸ್ಟ್ರಿಯದ ಲಿಯೋಬೆನ್. ಇಂಥ ಕಾರ್ಖಾನೆಯಲ್ಲಿ ನಮ್ಮೂರಿನ ಇಂಜಿನಿಯರೊಬ್ಬನಿಗೆ ಹೊಸ ಯುಕ್ತಿ ಹೊಳೆಯಿತೆಂದು ಭಾವಿಸೋಣ. ಅರ್ಜಿದಾರರ ಅಂಕಣವನ್ನು ಎಣಿಸಿದರೆ ಆ ಯುಕ್ತಿ ಯುರೋಪಿನ ಪಾಲು. ಸಂಶೋಧಕರ ಅಂಕಣವನ್ನು ಎಣಿಸಿದರೆ ಕಪಿಲೆಯ ದಡದ್ದು. ಎರಡೂ ಸುಳ್ಳಲ್ಲ. ಎರಡರಲ್ಲಿ ಯಾವುದೆಂದು ಹೇಳದೆ ದೇಶಗಳಿಗೆ ಸ್ಥಾನ ಹಂಚುವುದು ಸಲ್ಲದು.

ಎಣಿಕೆಗೇ ಬಾರದ ಸಂಗತಿಗಳು ಇದಕ್ಕಿಂತ ದೊಡ್ಡವು. ತಿರುಮಕೂಡಲು ನರಸೀಪುರದ ಸರ್ಕಾರಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯ ಹೆಸರನ್ನು ಕೇಳದವರು ಈ ಸೀಮೆಯಲ್ಲಿ ಯಾರು? ನೂಲಿನ ಹಿಂದೆ ಹುಳುವಿದೆ, ಹುಳುವಿನ ಹಿಂದೆ ಸೊಪ್ಪಿದೆ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾಲಯವು 1990ರ ದಶಕದಲ್ಲಿ ವಿ-1 ಎಂಬ ಹಿಪ್ಪುನೇರಳೆ ತಳಿಯನ್ನು ರೂಪಿಸಿತು. ನೀರಾವರಿಯ ತೋಟದಲ್ಲಿ ಇದು ಹೆಕ್ಟೇರಿಗೆ ವರ್ಷಕ್ಕೆ 60 ಟನ್ನಿನಷ್ಟು ಸೊಪ್ಪನ್ನು ಕೊಡಬಲ್ಲುದು. ಅದೇ ಸಂಸ್ಥೆಯವರು ಅದೇ ದಶಕದಲ್ಲಿ ನಮ್ಮ ಸೆಕೆಯಲ್ಲಿಯೂ ಉತ್ತಮ ಬಿಳಿಗೂಡು ಕಟ್ಟುವ ದ್ವಿತಳಿ ಸಂಕರ ಹುಳುಗಳನ್ನೂ ಬಳಕೆಗೆ ತಂದರು. ರೈತನ ಬದುಕನ್ನು ಬದಲಿಸಿದ ಸಂಶೋಧನೆಗಳಿವು. ಆದರೆ ನಮ್ಮ 1970ರ ಪೇಟೆಂಟ್ ಶಾಸನದ ಪ್ರಕಾರ ಗಿಡದ ತಳಿಗೂ ಪ್ರಾಣಿಗೂ ಪೇಟೆಂಟಿಲ್ಲ. ಅಮೆರಿಕದಲ್ಲಿಯೋ, 1930ರ ಕಾನೂನಿನಂತೆ, ಕಡ್ಡಿ ನೆಟ್ಟು ಬೆಳೆಸುವ ಹೊಸ ಗಿಡಕ್ಕೆ ಪೇಟೆಂಟು ದೊರೆಯುತ್ತದೆ. ಹಿಪ್ಪುನೇರಳೆಯನ್ನು ನಾವು ಬೆಳೆಸುವುದೂ ಕಡ್ಡಿಯಿಂದಲೇ! ಒಂದೇ ಬಗೆಯ ಕೆಲಸ ಅಲ್ಲಿ ಲೆಕ್ಕಕ್ಕೆ ಜಮೆ, ಇಲ್ಲಿ ಇಲ್ಲ. ನಮ್ಮ ಕಾನೂನು ತಪ್ಪೆಂದು ನಾವು ಹೇಳುತ್ತಿಲ್ಲ; ರೈತನ ಹಿತಕ್ಕೆ ಅದೇ ಸರಿಯೆಂದು ನಂಬಿದ್ದೇವೆ.

ನಂಜನಗೂಡಿನ ರಸಬಾಳೆಯ ಕಥೆಯೂ ಹೀಗೆಯೇ. ಅದಕ್ಕೆ ದೊರೆತಿರುವುದು ಭೌಗೋಳಿಕ ಸೂಚಕದ ಮನ್ನಣೆ. ಅದು ಒಬ್ಬ ಸಂಶೋಧಕನದಲ್ಲ, ಆ ನೆಲದ ಬೆಳೆಗಾರರೆಲ್ಲರದು. ಪೇಟೆಂಟಿನ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಹಳೆಯ ಜ್ಞಾನವನ್ನು ಹೊಸದೆಂದು ಬರೆದರೆ ಏನಾಗುತ್ತದೆಂಬುದಕ್ಕೆ ಅರಿಸಿನವೇ ಸಾಕ್ಷಿ: ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಪ್ರಶ್ನಿಸಿತು, 1997ರಲ್ಲಿ ಅದು ರದ್ದಾಯಿತು. ಅರ್ಜಿಗಳ ಎಣಿಕೆಯಿಂದ ಅಂಥದೊಂದು ಕಳಚುವುದಿಲ್ಲವೆಂಬುದನ್ನು ಗಮನಿಸಿರಿ.

ನಮ್ಮ ನಿಜವಾದ ಆಕ್ಷೇಪಣೆ ಇನ್ನು ಮುಂದಿದೆ. ಎಣಿಕೆಯೇ ಗುರಿಯಾದಾಗ ಜನರು ಎಣಿಕೆಗಾಗಿಯೇ ಕೆಲಸ ಮಾಡತೊಡಗುತ್ತಾರೆ. ಕಾಲೇಜುಗಳಿಗೆ ದರ್ಜೆ ಕೊಡುವ ರಾಷ್ಟ್ರೀಯ ಕ್ರಮದಲ್ಲಿ ಮಂಜೂರಾದ ಪೇಟೆಂಟಿಗಷ್ಟೇ ಅಲ್ಲ, ಬರಿದೇ ಪ್ರಕಟವಾದ ಅರ್ಜಿಗೂ ಅಂಕವಿದೆ. 2021ರಲ್ಲಿ ವಿದ್ಯಾಸಂಸ್ಥೆಗಳ ಶುಲ್ಕವನ್ನು ನೂರಕ್ಕೆ 80ರಷ್ಟು ಇಳಿಸಲಾಯಿತು. ಇಳಿಸಿದ್ದು ಒಳ್ಳೆಯದೇ. ಆದರೆ ಪ್ರಕಟಣೆಗೆ ಪರೀಕ್ಷೆಯಿಲ್ಲ. ಪರೀಕ್ಷೆಯನ್ನು ಬೇಡಿ ಬೇರೆ ಅರ್ಜಿ ಹಾಕಬೇಕು, ಹಾಕದಿದ್ದರೆ ಮೊದಲನೆಯದು ಹಿಂತೆಗೆದುಕೊಂಡಂತೆ. ಹೀಗಿರಲು ಒಂದು ಯಂತ್ರವನ್ನೂ ಮಾಡದೆ ಹತ್ತು ಅರ್ಜಿಗಳ ಕೀರ್ತಿಯನ್ನು ಸಂಪಾದಿಸುವುದು ಅಸಾಧ್ಯವಲ್ಲ. ಇದರ ನಷ್ಟ ವಿದ್ಯಾರ್ಥಿಗೆ: ಪ್ರಯೋಗಶಾಲೆಯಲ್ಲಿ ಕಳೆಯಬೇಕಾದ ಸಂಜೆಗಳು ಅರ್ಜಿಯ ನಮೂನೆ ತುಂಬುವುದರಲ್ಲಿ ಹೋಗುತ್ತವೆ. ದರ್ಜೆಯ ಲೆಕ್ಕದಿಂದ ಪ್ರಕಟಿತ ಅರ್ಜಿಗಳನ್ನು ಕೈಬಿಟ್ಟು, ಮಂಜೂರಾಗಿ ವರ್ಷ ವರ್ಷವೂ ಶುಲ್ಕ ಕಟ್ಟಿ ಉಳಿಸಿಕೊಂಡ ಪೇಟೆಂಟುಗಳನ್ನು ಮಾತ್ರ ಎಣಿಸಬೇಕೆಂದು ನಮ್ಮ ಸಲಹೆ. ಯಾರಿಗೂ ಬೇಡವಾದದ್ದಕ್ಕೆ ಯಾರೂ ಬಹುಕಾಲ ಹಣ ಕಟ್ಟುವುದಿಲ್ಲ.

ಭಾರತೀಯ ಪೇಟೆಂಟ್ ಕಚೇರಿಯ ದಾಖಲೆಗಳನ್ನು ಈಗ ಯಾರು ಬೇಕಾದರೂ ಅಂತರಜಾಲದಲ್ಲಿ ಬಿಟ್ಟಿಯಾಗಿ ನೋಡಬಹುದು. ನಂಜನಗೂಡಿನ ಅಥವಾ ನರಸೀಪುರದ ವಿದ್ಯಾರ್ಥಿಯೊಬ್ಬನು ರೇಷ್ಮೆಗೆ ಸಂಬಂಧಿಸಿದ ಒಂದೇ ಒಂದು ಅರ್ಜಿಯನ್ನು ಹಿಡಿದು, ಪರೀಕ್ಷಕನು ಎತ್ತಿದ ಆಕ್ಷೇಪಣೆಗಳನ್ನೂ ಅದಕ್ಕೆ ಬಂದ ಉತ್ತರವನ್ನೂ ಓದಿನೋಡಲಿ. ಹೊಸತನವೆಂಬ ಮಾತಿಗೆ ಪರೀಕ್ಷಕನು ಯಾವ ಅರ್ಥವನ್ನು ಕಟ್ಟುತ್ತಾನೆಂಬುದು ಆ ಕೆಲವು ಪುಟಗಳಲ್ಲಿಯೇ ಅವನಿಗೆ ಸಿಗುತ್ತದೆ.