ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಂದು ಪ್ರಶ್ನೆ

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್ ಕೈಕೊಟ್ಟಿತ್ತು. ಆನ್ ಮಾಡಿದ್ರೆ ಕಂಪನಿ ಲೋಗೋ ಬಂದು ಅಲ್ಲೇ ನಿಂತುಬಿಡ್ತಿತ್ತು. ರಿಪೇರಿಯವರು ಫೋನಿನಲ್ಲೇ ತೀರ್ಪು ಕೊಟ್ಟಿದ್ರು: "ವಿಂಡೋಸ್ ಹೋಗಿದೆ ಸಾರ್, ಪೂರ್ತಿ ಫಾರ್ಮ್ಯಾಟ್ ಮಾಡಿಬಿಡೋಣ."

ಅದರಲ್ಲಿ ಅಪ್ಪ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹತ್ತು ವರ್ಷದ ಲಗ್ನಪತ್ರಿಕೆಗಳಿದ್ದವು. ಬ್ಯಾಕಪ್ ಇರಲಿಲ್ಲ. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಒಂಚೂರು ನೋಡೋ" ಅಂದ್ರು. ನಿಜ ಹೇಳ್ತೀನಿ, ಎರಡನೇ ವರ್ಷಕ್ಕೆ ಬಂದ್ರೂ ನಾನು ಒಂದು ಕ್ಯಾಬಿನೆಟ್ಟನ್ನೂ ಬಿಚ್ಚಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: "ಏನು ಮಾಡೋಣ" ಅನ್ನೋಕೆ ಮುಂಚೆ "ಎಲ್ಲಿ ನಿಂತಿದೆ" ಅಂತ ಕೇಳಬೇಕು. ಲೋಗೋ ಕೆಳಗೆ ಸುತ್ತುವ ಚುಕ್ಕಿಗಳು ಬಂದಮೇಲೆ ನಿಂತರೆ ವಿಂಡೋಸ್ ಮೇಲೆ ಅನುಮಾನ ಪಡಬಹುದು. ಆಗಲೂ ಮೊದಲು ಸೇಫ್ ಮೋಡ್ ನೋಡಬೇಕು. ಅದರಲ್ಲಿ ಸರಿಯಾಗಿ ಓಡಿದ್ರೆ ತಪ್ಪು ಯಾವುದೋ ಡ್ರೈವರ್‌ದೋ, ಆನ್ ಆಗುವಾಗಲೇ ಶುರುವಾಗುವ ಪ್ರೋಗ್ರಾಂದೋ ಇರಬಹುದು. ಆದರೆ ನಮ್ಮಲ್ಲಿ ಚುಕ್ಕಿಗಳೇ ಬಂದಿರಲಿಲ್ಲ, ಬಯೋಸ್ ಕೂಡ ತೆರೀತಿರಲಿಲ್ಲ. ಅಂದ್ರೆ ವಿಂಡೋಸ್ ಸರದಿ ಇನ್ನೂ ಬಂದೇ ಇಲ್ಲ. ಸರದಿಯೇ ಬರದವನನ್ನು ಔಟ್ ಅನ್ನೋದು ಹೇಗೆ?

ಪವರ್ ಕೇಬಲ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಕೈಯಲ್ಲಿದ್ದ ಸ್ಟ್ಯಾಟಿಕ್ ಕಳೆದುಕೊಂಡು ಶುರು ಮಾಡಿದೆ. ಮೊದಲು ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಕಿತ್ತೆ. ಬದಲಾವಣೆ ಇಲ್ಲ. ರ‍್ಯಾಮ್ ಒಂದೊಂದಾಗಿ ಹಾಕಿ ನೋಡಿದೆ. ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗಲ್ಲ. ಕೊನೆಗೆ ಫೈಲುಗಳಿದ್ದ ಎರಡನೇ ಹಾರ್ಡ್‌ಡಿಸ್ಕಿನ ಕೇಬಲ್ ತೆಗೆದೆ. ಚುಕ್ಕಿಗಳು ಬಂದವು, ವಿಂಡೋಸ್ ತೆರೆಯಿತು!

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಸಾಯ್ತಾ ಇದ್ದದ್ದು ಅದೇ ಡಿಸ್ಕ್. ಹೊರಗಿನಿಂದ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ತೀರಾ ಬೇಕಾದ ಫೋಲ್ಡರುಗಳನ್ನು ಮೊದಲು ಕಾಪಿ ಮಾಡಿದ್ವಿ. ಮುಕ್ಕಾಲು ಭಾಗ ಬಂತು. ಮಿಕ್ಕಿದ್ದು ಹೋಯ್ತು, ಅದರಲ್ಲಿ ನನ್ನ ಅಕ್ಕನ ಮದುವೆಯ ಪತ್ರಿಕೆಯೂ ಒಂದು.

ರಿಪೇರಿಯವರನ್ನ ಬೈಯೋಕೆ ಇದನ್ನ ಬರೀತಿಲ್ಲ. ದಿನಕ್ಕೆ ಹತ್ತು ಮಷೀನ್ ನೋಡೋರಿಗೆ ಫಾರ್ಮ್ಯಾಟ್ ಬೇಗ ಮುಗಿಯೋ ಕೆಲಸ. ಆದರೆ ಫೈಲ್ ನಮ್ಮದು, ಅವಸರ ಅವರದು. ಪ್ರಶ್ನೆ ಕೇಳಬೇಕಾದವರು ನಾವೇ. ಪರೀಕ್ಷೆಯಲ್ಲಿ ಬೂಟ್ ಪ್ರಕ್ರಿಯೆ ಬಗ್ಗೆ ಎರಡು ಪುಟ ಬರೆದು ಮಾರ್ಕ್ಸ್ ತಗೊಂಡಿದ್ದೆ. ಅಪ್ಪನ ಮುಂದೆ ಅದನ್ನ ಕನ್ನಡದಲ್ಲಿ ಬಿಡಿಸಿ ಹೇಳುವಾಗಲೇ ನನಗೆ ಸರಿಯಾಗಿ ಅರ್ಥ ಆಗಿದ್ದು.

ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಮನೆಯ ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದರ ಫೈಲುಗಳನ್ನ ಬೇರೆ ಕಡೆ ಕಾಪಿ ಮಾಡಿಡಿ. ಕೆಟ್ಟಮೇಲೆ ಪ್ರಶ್ನೆ ಕೇಳಬಹುದು, ಹೋದ ಫೈಲನ್ನ ಎಲ್ಲಿಂದ ತರ್ತೀರಾ?